ಹದಿನಾರು ವಾರ, ವಾರಕ್ಕೆ ನಾಲ್ಕು ಓಟ: ಹಾಫ್ ಮ್ಯಾರಥಾನ್‌ಗೆ ಸರಳ ತಯಾರಿ

ಹಾಫ್ ಮ್ಯಾರಥಾನ್ ಅಂದರೆ 21.1 ಕಿ.ಮೀ. ಕೆಲಸಕ್ಕೆ ಹೋಗಿಬರುವ, ಮನೆ ಮಕ್ಕಳನ್ನು ನೋಡಿಕೊಳ್ಳುವ, ವಾರಕ್ಕೆ ಹೆಚ್ಚೆಂದರೆ ಐದು ಗಂಟೆ ಹೊಂದಿಸಿಕೊಳ್ಳಬಲ್ಲ ಆರೋಗ್ಯವಂತರು ಹದಿನಾರು ವಾರಗಳಲ್ಲಿ ಈ ದೂರಕ್ಕೆ ಅಣಿಯಾಗಬಹುದು. ಬೇಕಾದ್ದು ಒಂದು ಜೊತೆ ಶೂ, ನಿಮಿಷ ತೋರಿಸುವ ಒಂದು ವಾಚು, ಒಂದು ನೋಟ್‌ಬುಕ್ಕು.

ಹೊಸದಾಗಿ ಓಡಲು ಇಳಿದವರಿಗೆ ಮಾತ್ರ ಮೊದಲು ಕಾಣುವುದೇ ಬೇರೆ: ಹೃದಯಬಡಿತದ ಐದು ಝೋನ್‌ಗಳು, ವಾಚು ದಿನವೂ ಕೊಡುವ ಅಂಕ, ಕಾರ್ಬನ್ ಪ್ಲೇಟಿನ ಶೂ, ಓಡುತ್ತಾ ನುಂಗುವ ಸಕ್ಕರೆಯ ಜೆಲ್ಲು, ಏಳು ದಿನಕ್ಕೆ ಏಳು ಬಗೆಯ ವರ್ಕೌಟು. ಈ ಗದ್ದಲದಲ್ಲಿ ನಿಜವಾಗಿ ಕೆಲಸ ಮಾಡುವ ಮೂರು ಸಂಗತಿಗಳು ಮರೆಗೆ ಸರಿಯುತ್ತವೆ. ವಾರಕ್ಕೆ ಎಷ್ಟು ಸಲ ಓಡುತ್ತೀರಿ, ಒಟ್ಟು ಎಷ್ಟು ಹೊತ್ತು ಓಡುತ್ತೀರಿ, ಅದರಲ್ಲಿ ಬಹುಪಾಲು ನಿಧಾನವಾಗಿ ಓಡುತ್ತೀರೋ ಇಲ್ಲವೋ. ಈ ಮೂರು ಸರಿಯಿದ್ದರೆ ಉಳಿದದ್ದು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಶುರುಮಾಡುವ ಮುಂಚೆ ಒಂದು ಪರೀಕ್ಷೆ. ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಮೂವತ್ತು ನಿಮಿಷ ಪೂರೈಸಿದ ಮೇಲೂ ಮಾರನೇ ದಿನ ಮಾಮೂಲಿನಂತೆ ಓಡಾಡಲು ಆಗುತ್ತದೆಯೇ? ಆದರೆ ಮೊದಲನೇ ವಾರಕ್ಕೆ ಕಾಲಿಡಿ. ಆಗದಿದ್ದರೆ ಆರರಿಂದ ಎಂಟು ವಾರ ಬರೀ ಬಿರುನಡಿಗೆಯಿಂದ ಶುರುಮಾಡಿ, ನಡುನಡುವೆ ಒಂದೊಂದು ನಿಮಿಷದ ಓಟ ಸೇರಿಸುತ್ತಾ ಬನ್ನಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅಂಥವರು ಮೊದಲು ಡಾಕ್ಟರನ್ನು ಕಾಣಲೇಬೇಕು. ಓಡುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ಅವತ್ತೇ ತೋರಿಸಿ, ನಾಳೆ ಅಂತ ಬಿಡಬೇಡಿ.

ನಿಧಾನ ಅಂದರೆ ಎಷ್ಟು ನಿಧಾನ

ಹೊಸಬರ ತಯಾರಿ ಕೆಡುವುದು ಹೆಚ್ಚಾಗಿ ಇಲ್ಲೇ. ನಿಧಾನವಾಗಿ ಓಡಿ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ರಸ್ತೆಗಿಳಿದ ಹತ್ತನೇ ನಿಮಿಷಕ್ಕೆ ಪಕ್ಕದಲ್ಲಿ ಯಾರೋ ದಾಟಿ ಹೋದರೆ ಕಾಲು ತಾನಾಗಿ ಚುರುಕಾಗುತ್ತದೆ. ಕೊನೆಗೆ ಪ್ರತಿ ಓಟವೂ ಪೂರ್ತಿ ಜೋರೂ ಅಲ್ಲದ, ಆರಾಮವೂ ಅಲ್ಲದ ನಡುವಿನ ವೇಗಕ್ಕೆ ಬಂದು ನಿಲ್ಲುತ್ತದೆ. ಆ ವೇಗದಲ್ಲಿ ದಣಿವು ಜೋರು ಓಟದಷ್ಟೇ ಕೂಡುತ್ತಾ ಹೋಗುತ್ತದೆ, ಅದರ ಲಾಭ ಮಾತ್ರ ಸಿಗುವುದಿಲ್ಲ. ಮಾರನೇ ಓಟಕ್ಕೆ ಕಾಲು ಭಾರ, ಮೂರನೇ ವಾರಕ್ಕೆ ಬೇಸರ, ಆರನೇ ವಾರಕ್ಕೆ ಮಂಡಿ ನೋವು.

ವೇಗ ಸರಿಯಿದೆಯೇ ಎಂದು ತಿಳಿಯಲು ಮಾತಿನಷ್ಟು ನಂಬಿಕಸ್ತ ಅಳತೆ ಇನ್ನೊಂದಿಲ್ಲ. ಓಡುತ್ತಾ ಓಡುತ್ತಾ ಗಟ್ಟಿಯಾಗಿ ಒಂದು ವಾಕ್ಯ ಹೇಳಿ: ‘ಮನೆಗೆ ಹೋಗುವಾಗ ಅರ್ಧ ಕೆಜಿ ಬದನೆಕಾಯಿ, ಒಂದು ಕಟ್ಟು ದಂಟಿನ ಸೊಪ್ಪು, ಎರಡು ತೆಂಗಿನಕಾಯಿ ತಗೊಂಡು ಹೋಗಬೇಕು.’ ಒಂದೇ ಉಸಿರಿಗೆ ಕೊನೆ ಮುಟ್ಟಿದರೆ ವೇಗ ಸರಿಯಿದೆ. ಸೊಪ್ಪಿನ ಹತ್ತಿರವೇ ಉಸಿರು ಎಳೆದುಕೊಳ್ಳಬೇಕಾಯಿತೇ, ಹೆಚ್ಚಾಗಿದೆ, ತಗ್ಗಿಸಿ. ಬದನೆಕಾಯಿಗೇ ಕತ್ತರಿಸಿಹೋದರೆ ಒಂದು ನಿಮಿಷ ನಡೆದು ಮತ್ತೆ ಶುರುಮಾಡಿ. ಏರು ಬಂದಾಗ ನಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅದು ಇದೇ ಲೆಕ್ಕದ ಭಾಗ.

ಕೈಯಲ್ಲಿ ಕಟ್ಟುವ ವಾಚು ತೋರಿಸುವ ಹೃದಯಬಡಿತದ ಬಗ್ಗೆ ಒಂದು ಎಚ್ಚರಿಕೆ. ಮಣಿಕಟ್ಟಿನ ಬೆಳಕಿನ ಸೆನ್ಸರ್ ಕೆಲವೊಮ್ಮೆ ನಾಡಿಯ ಬದಲು ಹೆಜ್ಜೆಯ ಲಯವನ್ನೇ ಎಣಿಸಿಬಿಡುತ್ತದೆ. ನಿಮಿಷಕ್ಕೆ 170 ಹೆಜ್ಜೆ ಹಾಕುವವರಿಗೆ ಹೃದಯವೂ 170 ಬಡಿಯುತ್ತಿದೆ ಎಂದು ತೋರಿಸಿ ಹೆದರಿಸುತ್ತದೆ. ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿದರೆ ಇದು ಕಡಿಮೆಯಾಗುತ್ತದೆ. 220ರಲ್ಲಿ ವಯಸ್ಸು ಕಳೆದು ಗರಿಷ್ಠ ಬಡಿತ ಹಿಡಿಯುವ ಸೂತ್ರವೂ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಅದರ ಮೇಲೆ ಕಟ್ಟಿದ ಝೋನ್‌ಗಳೂ ಅಷ್ಟೇ ಅಲುಗಾಡುತ್ತವೆ. ಸಂಖ್ಯೆಗೂ ಮಾತಿಗೂ ತಾಳೆಯಾಗದಿದ್ದರೆ ಮಾತನ್ನೇ ನಂಬಿ.

ಅಂಕಿಯಲ್ಲಿ ಹೇಳುವುದಾದರೆ, ಹಾಫ್ ಮ್ಯಾರಥಾನನ್ನು ಎರಡೂವರೆ ಗಂಟೆಯಲ್ಲಿ ಮುಗಿಸುವವರ ಓಟದ ದಿನದ ವೇಗ ಕಿ.ಮೀ.ಗೆ ಸುಮಾರು 7 ನಿಮಿಷ 7 ಸೆಕೆಂಡು. ಅವರ ನಿಧಾನ ಓಟ 7:45ರಿಂದ 8:15ರ ನಡುವೆ ಇರಬೇಕು. ಬಿಸಿಲಿದ್ದರೆ, ನಿದ್ದೆಗೆಟ್ಟಿದ್ದರೆ ಇನ್ನೂ ಮೆಲ್ಲಗೆ.

ನಿಧಾನ ಓಟ ಒಳಗೆ ಮಾಡುವ ಕೆಲಸ ದೊಡ್ಡದು. ಮೊದಲ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ವಾರಗಳು ಕಳೆದಂತೆ ಸ್ನಾಯುಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಹೆಚ್ಚುತ್ತವೆ, ಎಳೆಯಷ್ಟು ಸಣ್ಣ ರಕ್ತನಾಳಗಳಾದ ಲೋಮನಾಳಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ, ದೇಹ ಕೊಬ್ಬನ್ನು ಉರಿಸುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಇದಕ್ಕೆಲ್ಲ ಬೇಕಾದ್ದು ಸಮಯ, ಮತ್ತೆ ಮತ್ತೆ ಓಡುವುದು. ಏದುಸಿರಿನ ಅಗತ್ಯವಿಲ್ಲ.

ಈ ತಿಳಿವಳಿಕೆ ಹೊಸದೇನಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ತಾವು ತರಬೇತಿ ಕೊಡುತ್ತಿದ್ದ ಹುಡುಗರನ್ನು ತಿಂಗಳುಗಟ್ಟಲೆ ದೂರದ ಓಟದಲ್ಲೇ ಬೆಳೆಸಿದರು. ಭಾನುವಾರ ಗುಡ್ಡದ ದಾರಿಯಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿ.ಮೀ. ಕೇವಲ 800 ಮೀಟರ್ ಓಡುವ ಪೀಟರ್ ಸ್ನೆಲ್‌ಗೂ ಅದೇ ಪಾಠ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲಿ, ಅವರದೇ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಆ ದೂರ ನಮಗೆ ಬೇಕಿಲ್ಲ. ಬುನಾದಿ ಮೊದಲು, ವೇಗ ಆಮೇಲೆ ಎಂಬ ಆ ಕ್ರಮ ಮಾತ್ರ ನಮಗೂ ಬೇಕು.

ವಾರದ ಲೆಕ್ಕ

ಮಂಗಳವಾರ, ಗುರುವಾರ, ಶನಿವಾರ, ಭಾನುವಾರ ಓಟ. ಸೋಮವಾರ, ಶುಕ್ರವಾರ ಪೂರ್ತಿ ಬಿಡುವು. ಬುಧವಾರ ಮನೆಯಲ್ಲೇ ಇಪ್ಪತ್ತು ನಿಮಿಷ ಕಾಲಿನ ವ್ಯಾಯಾಮ. ನಿಮ್ಮ ಪಾಳಿಗೆ ತಕ್ಕಂತೆ ದಿನ ಬದಲಿಸಿಕೊಳ್ಳಿ, ಆದರೆ ಗುರುವಾರದ ಮತ್ತು ಭಾನುವಾರದ ಓಟ ಅಕ್ಕಪಕ್ಕದ ದಿನಗಳಲ್ಲಿ ಬೀಳದಂತೆ ನೋಡಿಕೊಳ್ಳಿ.

ವಾರದ ದಿನಗಳ ಓಟವನ್ನು ನಿಮಿಷದಲ್ಲಿ ಎಣಿಸಿ, ಭಾನುವಾರದ್ದನ್ನು ಮಾತ್ರ ಕಿ.ಮೀ.ನಲ್ಲಿ. ಕಿ.ಮೀ. ಲೆಕ್ಕ ಇಟ್ಟರೆ ಆಫೀಸಿಗೆ ತಡವಾಗುತ್ತದೆಂದು ಬೇಗ ಮುಗಿಸಲು ಓಡುತ್ತೀರಿ, ನಿಮಿಷದ ಲೆಕ್ಕದಲ್ಲಿ ಅವಸರಪಟ್ಟು ಗಳಿಸುವುದು ಏನೂ ಇಲ್ಲ.

ಮೊದಲ ನಾಲ್ಕು ವಾರ ಮಂಗಳವಾರ 30 ನಿಮಿಷ, ಗುರುವಾರ 30, ಶನಿವಾರ 25, ಎಲ್ಲವೂ ನಿಧಾನ. ಐದರಿಂದ ಎಂಟನೇ ವಾರ 35, 40, 30. ಒಂಬತ್ತರಿಂದ ಹನ್ನೆರಡು 40, 45, 30. ಹದಿಮೂರು, ಹದಿನಾಲ್ಕನೇ ವಾರ 45, 50, 30. ಭಾನುವಾರದ ಉದ್ದ ಓಟ ಹೀಗೆ ಸಾಗಲಿ: 6, 7, 8, 6 ಕಿ.ಮೀ.; ಮುಂದಿನ ನಾಲ್ಕು ವಾರ 9, 10, 11, 8; ಆಮೇಲೆ 12, 13, 15, 10; ಕೊನೆಗೆ 16, 18, 12, ಹದಿನಾರನೇ ಭಾನುವಾರ ಓಟದ ದಿನ. ನಾಲ್ಕು, ಎಂಟು, ಹನ್ನೆರಡನೇ ವಾರಗಳಲ್ಲಿ ದೂರ ಇಳಿದಿರುವುದು ಕೈತಪ್ಪಲ್ಲ. ಕಾಲು ಗಟ್ಟಿಯಾಗುವುದು ಆ ವಾರಗಳಲ್ಲೇ. ಆಗ ಉಳಿದ ದಿನಗಳಲ್ಲೂ ಐದರಿಂದ ಹತ್ತು ನಿಮಿಷ ಕಡಿಮೆ ಮಾಡಿ. ‘ಚೆನ್ನಾಗೇ ಇದ್ದೀನಲ್ಲ’ ಅಂತ ಆ ವಾರ ಹಾರಿಸಿಬಿಡುವವರೇ ಮುಂದಿನ ತಿಂಗಳು ಕುಂಟುವುದು.

18 ಕಿ.ಮೀ. ಓಡಿದವರು ಓಟದ ದಿನ 21 ಓಡಬಲ್ಲರೇ? ಓಡಬಲ್ಲರು. ಮುಂಚೆಯೇ 21 ಓಡಿ ನೋಡಿಕೊಳ್ಳುವ ಆಸೆ ಬೇಡ. ಹೊಸಬರಿಗೆ ಎರಡೂವರೆ ಗಂಟೆ ಮೀರಿದ ತರಬೇತಿ ಓಟದಲ್ಲಿ ಚೇತರಿಕೆಗೆ ತಗಲುವ ದಿನಗಳೇ ಹೆಚ್ಚು, ಸಿಗುವ ಲಾಭ ಕಡಿಮೆ.

ಶನಿವಾರದ ಓಟದ ಕೊನೆಗೆ, ಮೂರನೇ ವಾರದಿಂದ, ನಾಲ್ಕು ಸ್ಟ್ರೈಡ್ಸ್ ಸೇರಿಸಿ. ಸಮತಟ್ಟಾದ ಎಂಬತ್ತು ಮೀಟರ್ ಜಾಗ ನೋಡಿಕೊಳ್ಳಿ. ಮೆಲ್ಲಗೆ ಶುರುಮಾಡಿ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ವೇಗ ಏರಿಸಿ ಮತ್ತೆ ಇಳಿಸುವುದು, ಒಂದು ನಿಮಿಷ ನಡಿಗೆ, ಮತ್ತೊಂದು. ಪೂರ್ತಿ ಜೋರು ಬೇಡ, ಭುಜ ಸಡಿಲವಿರಲಿ. ಸದಾ ನಿಧಾನ ಓಡುವವರ ಹೆಜ್ಜೆ ಮಂದವಾಗದಂತೆ ಇದು ಕಾಯುತ್ತದೆ.

ಗುರುವಾರ ಮಾತ್ರ ಜೋರು

ಐದನೇ ವಾರದಿಂದ ಗುರುವಾರದ ಓಟದೊಳಗೆ ಜೋರಿನ ಒಂದು ತುಂಡು ಬರುತ್ತದೆ. ವಾರಕ್ಕೆ ಒಂದೇ. ಹತ್ತು ಹನ್ನೆರಡು ನಿಮಿಷ ನಿಧಾನ ಓಡಿ ಮೈ ಬಿಸಿಯಾದ ಮೇಲೆ ಶುರು, ಮುಗಿದ ಮೇಲೆ ಉಳಿದ ಹೊತ್ತು ನಿಧಾನ.

ಐದರಿಂದ ಎಂಟನೇ ವಾರ ಏರು ಓಟ: 45 ಸೆಕೆಂಡು ಏರಿ, ನಡೆದು ಇಳಿದು, ಆರರಿಂದ ಎಂಟು ಸಲ. ಏರು ಕಡಿದಾಗಿರಬೇಕಿಲ್ಲ, ಊರಿನ ಯಾವುದೇ ದಿಬ್ಬದ ರಸ್ತೆ ಸಾಕು. ಮಡಿಕೇರಿ, ಮಂಗಳೂರಿನವರಿಗೆ ಮನೆಯಿಂದ ಹೊರಗೆ ಕಾಲಿಟ್ಟರೆ ಏರೇ. ಬಯಲುಸೀಮೆಯ ಸಮತಟ್ಟು ಊರಿನವರು ಕೆರೆ ಏರಿಯನ್ನೋ ರೈಲ್ವೆ ಮೇಲ್ಸೇತುವೆಯನ್ನೋ ಹುಡುಕಿಕೊಳ್ಳಬಹುದು. ಏರಿನಲ್ಲಿ ಉಸಿರಿಗೆ ಪೂರ್ತಿ ಕೆಲಸ ಸಿಗುತ್ತದೆ, ಆದರೆ ಪಾದ ನೆಲಕ್ಕೆ ಬಡಿಯುವ ಹೊಡೆತ ಸಮನೆಲದ ಜೋರು ಓಟಕ್ಕಿಂತ ಕಡಿಮೆ. ಅದಕ್ಕೇ ಇದು ಮೊದಲು.

ಒಂಬತ್ತರಿಂದ ಹನ್ನೆರಡನೇ ವಾರ 3 ನಿಮಿಷ ಜೋರು, 2 ನಿಮಿಷ ಮೆಲ್ಲನೆ, ನಾಲ್ಕರಿಂದ ಐದು ಸಲ. ಇಲ್ಲಿ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಆಡಲಾಗಬಾರದು, ಆದರೆ ಕೊನೆಯ ಸಲವೂ ಮೊದಲನೆಯದರಷ್ಟೇ ದೂರ ಹೋಗಬೇಕು. ಮೊದಲೆರಡಕ್ಕೇ ಶಕ್ತಿಯೆಲ್ಲ ಸುರಿದು ಆಮೇಲೆ ತೆವಳಿದರೆ ವೇಗ ತಪ್ಪಿತೆಂದು ಅರ್ಥ. ಹದಿಮೂರು, ಹದಿನಾಲ್ಕನೇ ವಾರ 10 ನಿಮಿಷದ ಎರಡು ತುಂಡು, ಓಟದ ದಿನದ ವೇಗದಲ್ಲಿ, ನಡುವೆ 3 ನಿಮಿಷ ಬಿಡುವು. ಹಿಂದಿನ ರಾತ್ರಿ ನಿದ್ದೆ ಬಂದಿಲ್ಲದಿದ್ದರೆ, ಕಾಲು ಸೀಸದಂತೆ ಭಾರವಾಗಿದ್ದರೆ ಜೋರನ್ನು ಬಿಟ್ಟು ನಿಧಾನ ಓಡಿ ಮನೆಗೆ ಬನ್ನಿ. ಅದನ್ನು ಶನಿವಾರಕ್ಕೆ ಮುಂದೂಡಬೇಡಿ.

ಆರನೇ ವಾರದ ಆಸುಪಾಸಿನಲ್ಲಿ ಬರುವ ನೋವು

ಐದಾರು ವಾರಕ್ಕೆ ಉಸಿರು ಹಗುರಾಗುತ್ತದೆ. ಮೊದಲ ವಾರ ಕಷ್ಟವೆನಿಸಿದ ವೇಗ ಈಗ ಆಟದಂತೆ. ಆಗಲೇ ಎಚ್ಚರ ಬೇಕಾದ್ದು. ಹೃದಯ, ರಕ್ತ, ಸ್ನಾಯು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಕಟ್ಟಿದ ನಾರಿಗೆ ತಿಂಗಳುಗಳು ಬೇಕು. ಎಂಜಿನ್ನು ದೊಡ್ಡದಾಗಿದೆ, ಚಾಸಿ ಇನ್ನೂ ಹಳೆಯದೇ. ಉಸಿರನ್ನು ನಂಬಿ ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸಿದವರಿಗೆ ಮೊಣಕಾಲ ಕೆಳಗಿನ ಮೂಳೆ, ಹಿಮ್ಮಡಿ, ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ.

ನೋವನ್ನು ಹತ್ತಕ್ಕೆ ಅಳೆಯಿರಿ. ಮೂರರೊಳಗಿದ್ದು, ಓಡುತ್ತಾ ಹೆಚ್ಚಾಗದೆ, ಮಾರನೇ ಬೆಳಿಗ್ಗೆಗೆ ಇಳಿದುಹೋದರೆ ಮುಂದುವರಿಯಬಹುದು. ನಡಿಗೆ ಸೊಟ್ಟಗಾಗುವಷ್ಟು ನೋವಿದ್ದರೆ ಓಟವಿಲ್ಲ. ಮೊಣಕಾಲ ಕೆಳಗಿನ ಮೂಳೆಯ ಒಳಅಂಚನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಗೇಣುದ್ದ ಹರಡಿದ ನೋವಾದರೆ ಅದು ಶಿನ್ ಸ್ಪ್ಲಿಂಟ್ಸ್ ಆಗಿರುವ ಸಂಭವವೇ ಹೆಚ್ಚು. ಒಂದು ವಾರ ಓಟವನ್ನು ಅರ್ಧಕ್ಕಿಳಿಸಿ, ಜೋರು ಬಿಡಿ. ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಚುಚ್ಚಿದಂತೆ ನೋವಿದ್ದು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಜಾಸ್ತಿಯಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೊದಮೊದಲು ಎಕ್ಸ್‌ರೇಯಲ್ಲಿ ಇದು ಕಾಣಿಸದೆಯೂ ಇರಬಹುದು, ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಓಡಲು ಹೊರಡಬೇಡಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ. ಐಬುಪ್ರೊಫೆನ್‌ನಂಥ ಮಾತ್ರೆ, ಬೆವರು ಸುರಿದು ನೀರು ಕಡಿಮೆಯಾದ ಮೈ, ಎರಡೂ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಬುಧವಾರದ ಇಪ್ಪತ್ತು ನಿಮಿಷ ಇದಕ್ಕೇ ಇರುವುದು. ಮೆಟ್ಟಿಲಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂದೊಂದು ಕಾಲಿಗೆ 12ರಂತೆ ಮೂರು ಸಲ. ಎತ್ತಲು ಒಂದು ಸೆಕೆಂಡು, ಇಳಿಸಲು ಮೂರು. ಗೋಡೆಗೆ ಬೆರಳು ತಾಗಿಸಿಕೊಂಡಿರಬಹುದು, ಭಾರ ಹಾಕಬಾರದು. ಆಮೇಲೆ ಬಸ್ಕಿ 15ರಂತೆ ಮೂರು ಸಲ, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು 15ರಂತೆ ಮೂರು ಸಲ, ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ 30 ಸೆಕೆಂಡು ಮೂರು ಸಲ. ಇಷ್ಟೇ. ಮೀನಖಂಡ ಗಟ್ಟಿಯಿದ್ದವರ ಹಿಮ್ಮಡಿಯ ನಾರಿನ ಮೇಲೆ ಬೀಳುವ ಭಾರ ಹಗುರ.

ನೋಟ್‌ಬುಕ್ಕು

2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಓಡಿದ ಕೆನ್ಯಾದ ಎಲಿಯುಡ್ ಕಿಪ್ಚೋಗೆ ಕೂಡ ತರಬೇತಿಯನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡುತ್ತಾರೆ. ನಿಮಗೆ ದಿನಕ್ಕೊಂದು ಸಾಲು ಸಾಕು: ‘ಮಂಗಳವಾರ, 35 ನಿ., ಶ್ರಮ ಹತ್ತಕ್ಕೆ 4, ನಿದ್ದೆ 6 ಗಂಟೆ, ಬಲ ಹಿಮ್ಮಡಿ ಬೆಳಿಗ್ಗೆ ಬಿಗಿ.’ ನಾಲ್ಕರ ಜಾಗದಲ್ಲಿ ಆರು, ಏಳು ಸತತ ಮೂರು ಓಟಕ್ಕೆ ಬಂದರೆ, ಅದೇ ಹಿಮ್ಮಡಿ ಮೂರು ಸಲ ಕಾಣಿಸಿಕೊಂಡರೆ ಆ ವಾರವನ್ನು ಬಿಡುವಿನ ವಾರ ಮಾಡಿಕೊಳ್ಳಿ.

ಓಟ ತಪ್ಪಿದರೆ? ಒಂದೆರಡು ಓಟ ತಪ್ಪಿದರೆ ಮರೆತುಬಿಡಿ, ಪಟ್ಟಿಯಲ್ಲಿ ಇವತ್ತಿನದ್ದನ್ನು ಓಡಿ. ಸಾಲ ತೀರಿಸುವಂತೆ ಒಂದೇ ದಿನ ಎರಡು ಓಡುವುದು ಬೇಡ. ಒಂದು ವಾರವೇ ತಪ್ಪಿದರೆ ಹಿಂದಿನ ವಾರದ ಲೆಕ್ಕವನ್ನು ಮತ್ತೆ ಓಡಿ. ಎರಡು ವಾರಕ್ಕಿಂತ ಹೆಚ್ಚಾದರೆ ಮೂರು ವಾರ ಹಿಂದಕ್ಕೆ ಹೋಗಿ, ಅಗತ್ಯವಿದ್ದರೆ ಬೇರೆ ಊರಿನ, ಬೇರೆ ತಿಂಗಳಿನ ಓಟ ಆರಿಸಿಕೊಳ್ಳಿ. ಜ್ವರವಿದ್ದಾಗ, ಕಫ ಎದೆಗಿಳಿದಾಗ ಓಡಲೇಬಾರದು. ಜ್ವರ ಬಿಟ್ಟ ಮೇಲೂ ಎರಡು ಮೂರು ದಿನ ಕಳೆಯಲಿ.

ಊಟ, ನೀರು

ಓಡುವಾಗ ಖರ್ಚಾಗುವುದು ಅಂದಾಜು ಕೆಜಿ ತೂಕಕ್ಕೆ, ಕಿ.ಮೀ.ಗೆ ಒಂದು ಕ್ಯಾಲೊರಿ. 65 ಕೆಜಿಯವರಿಗೆ 21 ಕಿ.ಮೀ.ಗೆ ಸುಮಾರು 1,365. ಚೆನ್ನಾಗಿ ಉಂಡವರ ಸ್ನಾಯು, ಯಕೃತ್ತಿನಲ್ಲಿ 400ರಿಂದ 500 ಗ್ರಾಂ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಇರುತ್ತದೆ, ಅಂದರೆ 1,600ರಿಂದ 2,000 ಕ್ಯಾಲೊರಿ. ಜೊತೆಗೆ ಕೊಬ್ಬೂ ಉರಿಯುತ್ತದೆ. ಹಾಗಾಗಿ ವಾರದ ದಿನಗಳ ಓಟಕ್ಕೆ ಜೆಲ್ಲು, ಪೌಡರು ಏನೂ ಬೇಡ. ಬೆಳಿಗ್ಗೆ ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ, ಬೇಕಿದ್ದರೆ ಕಾಫಿ. ಒಂದೂವರೆ ಗಂಟೆ ದಾಟುವ ಭಾನುವಾರದ ಓಟಕ್ಕೆ ಗಂಟೆಗೆ 30 ಗ್ರಾಂ ಕಾರ್ಬೊಹೈಡ್ರೇಟ್ ಸಾಕು, ಅದು ಒಂದು ದೊಡ್ಡ ಬಾಳೆಹಣ್ಣಿನಲ್ಲಿದೆ. ಹೊಟ್ಟೆಗೂ ರೂಢಿ ಬೇಕು. ಓಟದ ದಿನ ತಿನ್ನುವುದನ್ನೇ ಹತ್ತನೇ ವಾರದಿಂದ ತಿಂದು ನೋಡಿ.

ನೀರಿಗೆ ಒಂದು ಲೆಕ್ಕ ಮನೆಯಲ್ಲೇ ಮಾಡಿಕೊಳ್ಳಿ. ಒಂದು ಗಂಟೆಯ ಓಟಕ್ಕೆ ಮುಂಚೆ, ಆಮೇಲೆ ಬೆವರು ಒರೆಸಿಕೊಂಡು ತೂಕ ನೋಡಿ. ಒಂದು ಕೆಜಿ ಇಳಿದರೆ ಒಂದು ಲೀಟರ್ ಬೆವರು. ಅಷ್ಟನ್ನೂ ಓಡುತ್ತಲೇ ತುಂಬಬೇಕಿಲ್ಲ, ಬಾಯಾರಿದಷ್ಟು ಕುಡಿಯಿರಿ, ಅನೇಕರಿಗೆ ಗಂಟೆಗೆ 400ರಿಂದ 600 ಮಿ.ಲೀ. ಓಡಿ ಬಂದ ಮೇಲೆ ತೂಕ ಏರಿದ್ದರೆ ಅದು ಅಪಾಯದ ಸೂಚನೆ. ಬರೀ ನೀರು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು. ಓಆರ್‌ಎಸ್ ಬಳಸುವವರು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿ. ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಏರುತ್ತದೆ, ಹೊಟ್ಟೆ ತೊಳಸುತ್ತದೆ.

ಮನೆಯ ಊಟವೇ ಸಾಕು. ಮುದ್ದೆ ಹುರುಳಿ ಸಾರು, ಅನ್ನ ಬೇಳೆ ಸಾರು, ಮೊಸರನ್ನ, ಜೋಳದ ರೊಟ್ಟಿ ಕಾಳುಪಲ್ಯ, ಮೊಟ್ಟೆ, ಮೀನು. ತಪ್ಪಾಗುವುದು ಊಟದ ಬಗೆಯಲ್ಲಿ ಅಲ್ಲ, ಪ್ರಮಾಣದಲ್ಲಿ. ಓಟದ ಜೊತೆಗೇ ತೂಕ ಇಳಿಸಲು ಹೊತ್ತಿನ ಊಟ ಬಿಡುವವರಿಗೆ ಚೇತರಿಕೆ ಇರುವುದಿಲ್ಲ, ಮೂಳೆಯೂ ಸೊರಗುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಂತರೆ ಅಥವಾ ಏರುಪೇರಾದರೆ ಓಟಕ್ಕೆ ತಕ್ಕಷ್ಟು ಉಣ್ಣುತ್ತಿಲ್ಲ ಎಂಬುದರ ಗುರುತಿರಬಹುದು, ಕಡೆಗಣಿಸದೆ ಡಾಕ್ಟರಿಗೆ ಹೇಳಿ. ಸಣ್ಣ ಏರಿಗೂ ಸುಸ್ತು ಬಡಿಯುತ್ತಿದ್ದರೆ ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಊಟದ ಜೊತೆ ಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಅಂತರವಿರಲಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಶೂ, ರಸ್ತೆ, ಹವೆ

ಶೂವನ್ನು ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವ ಕಾಲುಚೀಲ ಹಾಕಿಕೊಂಡೇ ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಒಂದು ಜೊತೆ 500ರಿಂದ 800 ಕಿ.ಮೀ. ಬಾಳುತ್ತದೆ. ಅಟ್ಟೆ ಸವೆಯದಿದ್ದರೂ ಒಳಗಿನ ಫೋಮ್ ಸಾಯುತ್ತದೆ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಶೂ ಒಂದು ಕಡೆ ವಾಲಿದ್ದರೆ, ಪಕ್ಕದ ಫೋಮಿನಲ್ಲಿ ಆಳವಾದ ಅಡ್ಡಗೆರೆಗಳು ಬಿದ್ದು ಒತ್ತಿದರೆ ಗಟ್ಟಿಯೆನಿಸಿದರೆ ಬದಲಿಸುವ ಹೊತ್ತು. ಮಳೆಗಾಲದಲ್ಲಿ ಒದ್ದೆ ಶೂ ಒಳಗೆ ಪತ್ರಿಕೆ ತುರುಕಿ, ಗಂಟೆಗೊಮ್ಮೆ ಬದಲಿಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ, ಹೀಟರ್ ಮುಂದಿಟ್ಟರೆ ಅಂಟು ಬಿಡುತ್ತದೆ. ತೊಡೆ ಸಂದಿ, ಕಂಕುಳು ಉಜ್ಜಿ ಉರಿಯದಿರಲು ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ.

ವಾಹನಕ್ಕೆ ಎದುರಾಗಿ ಓಡಿ. ಆದರೆ ರಸ್ತೆಯ ಅಂಚು ಇಳಿಜಾರಾಗಿರುತ್ತದೆ, ಸದಾ ಒಂದೇ ಕಡೆ ಓಡಿದರೆ ಒಂದು ಕಾಲಿನ ಮೇಲೆ ಹೆಚ್ಚು ಭಾರ. ಪಾರ್ಕಿನೊಳಗೆ, ಕೆರೆ ಸುತ್ತ ಓಡುವವರು ದಿನಬಿಟ್ಟು ದಿನ ಸುತ್ತುವ ದಿಕ್ಕು ಬದಲಿಸಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ನಿಲ್ಲಿ, ಕಣ್ಣಲ್ಲಿ ಕಣ್ಣಿಡದೆ ಮೆಲ್ಲಗೆ ನಡೆದು ದಾಟಿ.

ಬಿಸಿಲಿಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಏಪ್ರಿಲ್ ಮೇನಲ್ಲಿ ಕಲಬುರಗಿ, ರಾಯಚೂರಿನವರು ಬೆಳಕು ಹರಿಯುವ ಮುಂಚೆಯೇ ಮುಗಿಸುವಂತೆ ಹೊರಡಬೇಕು. ಕರಾವಳಿಯಲ್ಲಿ ತೊಂದರೆ ಕೊಡುವುದು ತೇವ: ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಅಂಥ ದಿನ ಬೆಂಗಳೂರಿನಲ್ಲಿ ಓಡುವ ವೇಗವನ್ನು ಉಡುಪಿಯಲ್ಲಿ ಹುಡುಕಬೇಡಿ. ಚಳಿ ಹತ್ತಿದಂತಾಗಿ ಮೈ ಜುಮ್ಮೆಂದರೆ, ಹೆಜ್ಜೆ ತೂರಾಡಿದರೆ ನೆರಳಿಗೆ ಹೋಗಿ ತಲೆ, ಕತ್ತಿಗೆ ನೀರು ಸುರಿದುಕೊಂಡು ಸಹಾಯಕ್ಕೆ ಕರೆಯಿರಿ.

ಕೊನೆಯ ಎರಡು ವಾರ, ಓಟದ ದಿನ

ಹದಿನೈದನೇ ವಾರ 35, 35, 25 ನಿಮಿಷ, ಭಾನುವಾರ 12 ಕಿ.ಮೀ. ಗುರುವಾರ 5 ನಿಮಿಷದ ಎರಡು ತುಂಡು ಓಟದ ವೇಗದಲ್ಲಿ, ಅಷ್ಟೇ. ಹದಿನಾರನೇ ವಾರ ಮಂಗಳವಾರ 30, ಗುರುವಾರ 20, ಶನಿವಾರ ಕಾಲು ಗಂಟೆ ನಡಿಗೆ. ಈ ದಿನಗಳಲ್ಲಿ ಕಾಲು ಜಡವೆನಿಸುವುದು, ಇಲ್ಲದ ನೋವು ಇದ್ದಂತೆನಿಸುವುದು ಸಹಜ. ಕೊನೆ ವಾರದಲ್ಲಿ ಓಡಿ ಗಳಿಸುವುದು ಏನೂ ಇಲ್ಲ, ನಿದ್ದೆ ಮಾಡಿ ಗಳಿಸುವುದು ಬಹಳ. ಗುರುವಾರವೇ ಕಾಲಿನ ಉಗುರು ಕತ್ತರಿಸಿಕೊಳ್ಳಿ.

ಓಟಕ್ಕೆ ಎರಡೂವರೆ ಗಂಟೆ ಮುಂಚೆ ಮೂರು ನಾಲ್ಕು ಇಡ್ಲಿ ಸ್ವಲ್ಪ ಬೆಲ್ಲದ ಜೊತೆ, ಅಥವಾ ಎರಡು ಬಾಳೆಹಣ್ಣು ಮತ್ತು ಬ್ರೆಡ್ಡು. ಸಾಂಬಾರು, ಕಾಯಿಚಟ್ನಿ ಅವತ್ತು ಬೇಡ, ನಾರು ಮತ್ತು ಕೊಬ್ಬು ಹೊಟ್ಟೆಯಲ್ಲಿ ನಿಲ್ಲುತ್ತವೆ. ಹೊಸ ಶೂ, ಹೊಸ ಕಾಲುಚೀಲ, ಆಯೋಜಕರು ಹಿಂದಿನ ದಿನ ಕೊಟ್ಟ ಹೊಸ ಟೀಶರ್ಟು ಯಾವುದೂ ಅವತ್ತು ಮೈಮೇಲೆ ಬೇಡ.

ಎರಡೂವರೆ ಗಂಟೆಯ ಗುರಿ ಇಟ್ಟವರು ಮೊದಲ ಮೂರು ಕಿ.ಮೀ. 7:20ರಲ್ಲಿ ಓಡಿ. ಜನರ ಹುರುಪಿನಲ್ಲಿ 6:30 ಬಂದುಬಿಡುತ್ತದೆ, ಅದನ್ನು ಹದಿನೈದನೇ ಕಿ.ಮೀ. ಆದಮೇಲೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ನಾಲ್ಕರಿಂದ ಹದಿನೈದರವರೆಗೆ 7:05ರ ಆಸುಪಾಸು. ನೀರಿನ ಮೇಜು ಬಂದಾಗ ನಾಲ್ಕು ಹೆಜ್ಜೆ ನಡೆದೇ ಕುಡಿಯಿರಿ, ಓಡುತ್ತಾ ಕುಡಿದರೆ ಅರ್ಧ ಮೂಗಿಗೆ ಹೋಗುತ್ತದೆ. ಹದಿನೆಂಟರ ನಂತರ ಶಕ್ತಿ ಉಳಿದಿದ್ದರೆ ಆಗ ಬಳಸಿ.

ಮುಗಿದೊಡನೆ ಕುಸಿದು ಕೂರಬೇಡಿ. ಹತ್ತು ನಿಮಿಷ ನಡೆಯುತ್ತಿರಿ, ಇಲ್ಲದಿದ್ದರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುತ್ತದೆ. ಮುಂದಿನ ಎರಡು ಮೂರು ದಿನ ಮೆಟ್ಟಿಲು ಇಳಿಯುವಾಗ ತೊಡೆ ನೋಯುವುದು ಮಾಮೂಲು. ಒಂದು ವಾರ ಓಟ ಬೇಡ, ದಿನವೂ ಇಪ್ಪತ್ತು ನಿಮಿಷ ನಡಿಗೆ ಇರಲಿ. ಎರಡನೇ ವಾರದ ಮಂಗಳವಾರ 20 ನಿಮಿಷ, ಬದನೆಕಾಯಿ ವಾಕ್ಯ ಒಂದೇ ಉಸಿರಿಗೆ ಮುಗಿಯುವ ವೇಗದಲ್ಲಿ.